ಗಿಡಮೂಲಿಕೆಯ ಸಾರದಿಂದ ಮಾತ್ರೆ, ಕ್ಯಾಪ್ಸೂಲ್ ಮಾಡುವುದು: ಮೊದಲು ತೇವ ನೋಡಿ, ಮೆಷಿನ್ ಆಮೇಲೆ

ಮಾತ್ರೆಯೇ ಆಗಬೇಕು, ಚಿಕ್ಕದಿರಬೇಕು, ದಿನಕ್ಕೆ ಒಂದೇ ಸಾಕು. ಗಿಡಮೂಲಿಕೆಯ ಔಷಧಿ ತಯಾರಿಸಲು ಹೊರಟವರಲ್ಲಿ ಜಾಸ್ತಿ ಜನ ಶುರು ಮಾಡುವುದೇ ಇಲ್ಲಿಂದ. ಇದು ಉಲ್ಟಾ. ಸಾರ ಎಂಥದ್ದು, ದಿನಕ್ಕೆ ಎಷ್ಟು ಬೇಕು, ಗಾಳಿಯ ತೇವವನ್ನು ಎಷ್ಟು ಹೀರುತ್ತದೆ ಅಂತ ಗೊತ್ತಾದರೆ ಮಾತ್ರೆಯೋ, ಕ್ಯಾಪ್ಸೂಲೋ, ಸಿರಪ್ಪೋ ಅನ್ನುವುದು ಹೆಚ್ಚುಕಡಿಮೆ ತಾನಾಗೇ ತೀರ್ಮಾನ ಆಗುತ್ತದೆ.

ಗಿಡ ಸರಿಯಾದದ್ದೇನಾ ಅಂತ ಮೈಕ್ರೋಸ್ಕೋಪ್ ಮತ್ತು ಟಿಎಲ್‌ಸಿ (ಸಾರದ ಅಂಶಗಳನ್ನು ತೆಳು ಪದರದ ಮೇಲೆ ಬೇರ್ಪಡಿಸಿ ನೋಡುವ ಪರೀಕ್ಷೆ) ಎರಡರಲ್ಲೂ ನೋಡಿ. ಪುಡಿ ಮಾಡಿದ ಮೇಲೆ ಬರಿಗಣ್ಣಿಗೆ ಎಲ್ಲ ಒಂದೇ ಥರ ಕಾಣುತ್ತದೆ. ಸೀಸ, ಕ್ಯಾಡ್ಮಿಯಂ, ಕೀಟನಾಶಕ, ಅಫ್ಲಾಟಾಕ್ಸಿನ್ (ಬೂಸ್ಟಿನಿಂದ ಬರುವ ವಿಷ) ಪರೀಕ್ಷೆಯನ್ನೂ ಇದೇ ಹಂತದಲ್ಲಿ ಮಾಡಿಸಿ, ಯಾಕಂದ್ರೆ ಸಾರ ಗಟ್ಟಿಯಾದಾಗ ಬೇಡದ್ದೂ ಅದರ ಜೊತೆ ಗಟ್ಟಿಯಾಗಬಹುದು.

ದ್ರಾವಕ ಆರಿಸುವಾಗ ನೀರು ಮತ್ತು ಎಥನಾಲ್ ಮಿಶ್ರಣದಿಂದ ಶುರು ಮಾಡಿ. ಮೆಥನಾಲ್, ಹೆಕ್ಸೇನ್ ಬಳಸಿದರೆ ಉಳಿಕೆಯ ತಲೆನೋವು: ಐಸಿಎಚ್ (ಔಷಧಿ ನಿಯಮಗಳ ಅಂತರರಾಷ್ಟ್ರೀಯ ಮಂಡಳಿ) ಮಿತಿ ಮೆಥನಾಲ್‌ಗೆ 3000 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಭಾಗ), ಹೆಕ್ಸೇನ್‌ಗೆ ಬರೀ 290. ಬಿಸಿ ಎಷ್ಟು ಅನ್ನುವುದೂ ಅಷ್ಟೇ ಮುಖ್ಯ. ಆರ್ಟೆಮಿಸಿನಿನ್ ಕಥೆ ಗೊತ್ತಲ್ವಾ? ಗಿಡ ಅದೇ ಇತ್ತು, ಆದರೆ ಬಿಸಿ ಮಾಡಿ ತೆಗೆದಾಗ ಗುಣ ಸಿಗುತ್ತಿರಲಿಲ್ಲ. ಚೀನಾದ ವಿಜ್ಞಾನಿ ಟು ಯೂಯೂ ಅವರು ಕಡಿಮೆ ಉಷ್ಣತೆಯಲ್ಲಿ ಈಥರ್ ಬಳಸಿ ತೆಗೆದಾಗ ಮಲೇರಿಯಾಕ್ಕೆ ಮದ್ದು ಸಿಕ್ಕಿತು, 2015ರಲ್ಲಿ ನೊಬೆಲ್ಲೂ ಬಂತು.

ಈಗ ಡೋಸ್ ಲೆಕ್ಕ. ಇದನ್ನು ಕಾಗದದ ಮೇಲೆ ಮಾಡದೆ ಮುಂದೆ ಹೋಗಬೇಡಿ. ದಿನಕ್ಕೆ 3 ಗ್ರಾಂ ಒಣ ಬೇರಿನ ಪುಡಿ ಕೊಡುವ ರೂಢಿ ಇದೆ, 6 ಕೆಜಿ ಬೇರಿಗೆ 1 ಕೆಜಿ ಸಾರ ಬರುತ್ತದೆ ಅಂದುಕೊಳ್ಳಿ. ಅಂದರೆ 500 ಮಿ.ಗ್ರಾಂ ಸಾರ ಬೇಕು. ಆದರೆ ಸ್ಪ್ರೇ ಡ್ರೈಯರ್‌ನಿಂದ (ದ್ರವ ಸಾರವನ್ನು ಬಿಸಿ ಗಾಳಿಯಲ್ಲಿ ಸಿಂಪಡಿಸಿ ಪುಡಿ ಮಾಡುವ ಯಂತ್ರ) ಬರುವ ಪುಡಿ ಪೂರ್ತಿ ಸಾರ ಅಲ್ಲ. ಅದರಲ್ಲಿ ಒಣಗಿಸಲು ಸೇರಿಸಿದ ಮಾಲ್ಟೋಡೆಕ್ಸ್‌ಟ್ರಿನ್ (ಪಿಷ್ಟದಿಂದ ಮಾಡಿದ ಪುಡಿ) ಶೇ. 30 ಇದ್ದರೆ ನಿಮಗೆ ಬೇಕಾಗುವುದು ಸುಮಾರು 714 ಮಿ.ಗ್ರಾಂ. ಸೈಜ್ 0 ಕ್ಯಾಪ್ಸೂಲ್ ಹಿಡಿಯುವುದು ಸುಮಾರು 0.68 ಮಿ.ಲೀ. ಪುಡಿಯ ಸಾಂದ್ರತೆ ಮಿ.ಲೀ.ಗೆ 0.5 ಗ್ರಾಂ ಇದ್ದರೆ ಒಂದಕ್ಕೆ 340 ಮಿ.ಗ್ರಾಂ, ಎರಡರಲ್ಲಿ ಹಿಡಿಸುವುದಿಲ್ಲ. ಅದೇ ಪುಡಿಯನ್ನು ರೋಲರ್ ಕಾಂಪ್ಯಾಕ್ಟರ್‌ನಲ್ಲಿ ಒತ್ತಿ, ಒಡೆದು, 0.6ಕ್ಕೆ ತಂದರೆ ಎರಡರಲ್ಲಿ ಹಿಡಿದು, ಪುಡಿ ಸಲೀಸಾಗಿ ಹರಿಯಲು ಹಾಕುವ ಏರೋಸಿಲ್‌ನಂಥದ್ದಕ್ಕೂ ಸ್ವಲ್ಪ ಜಾಗ ಉಳಿಯುತ್ತದೆ. ಒಂದು ಎಚ್ಚರ: ರೂಢಿಯಲ್ಲಿರುವುದು ಕಷಾಯ, ನೀವು ತೆಗೆದದ್ದು ಆಲ್ಕೋಹಾಲ್ ಸಾರ ಅಂತಾದರೆ ಈ ಲೆಕ್ಕ ನಡೆಯುವುದಿಲ್ಲ. ಆಗ ಅದು ಬೇರೆಯೇ ವಸ್ತು, ಸುರಕ್ಷತೆ ಮತ್ತು ಡೋಸ್ ಹೊಸದಾಗಿ ಪರೀಕ್ಷಿಸಬೇಕು.

ಇನ್ನು ತೇವ. ನನ್ನ ಪ್ರಕಾರ ಅರ್ಧ ಕೆಲಸ ಇಲ್ಲೇ ಇರುವುದು. ಸಾರದಲ್ಲಿ ಸಕ್ಕರೆ, ಸಾವಯವ ಆಮ್ಲ, ಲವಣ ಎಲ್ಲ ಇರುತ್ತವೆ, ಅದಕ್ಕೇ ಅದು ನೀರು ಹೀರಿ ಅಂಟಾಗುತ್ತದೆ. ಪರೀಕ್ಷೆ ಸುಲಭ: ಉಪ್ಪು ಇನ್ನು ಕರಗುವುದೇ ಇಲ್ಲ ಅನ್ನುವಷ್ಟು ಕರಗಿಸಿದ ನೀರನ್ನು ಮುಚ್ಚಿದ ಡೆಸಿಕೇಟರ್‌ನ (ಗಾಳಿಯಾಡದ ಗಾಜಿನ ಪಾತ್ರೆ) ತಳದಲ್ಲಿಡಿ, ಒಳಗಿನ ತೇವಾಂಶ ಶೇ. 75ರ ಆಸುಪಾಸಿನಲ್ಲಿ ನಿಲ್ಲುತ್ತದೆ. ತೂಕ ಮಾಡಿದ ಪುಡಿಯನ್ನು ಚಿಕ್ಕ ತಟ್ಟೆಯಲ್ಲಿ ಹರಡಿ ಮೇಲಿಡಿ. ಮರುದಿನ ತೂಕ ಎಷ್ಟು ಏರಿದೆ ನೋಡಿ, ಆಮೇಲೆ ಸ್ಪ್ಯಾಚುಲಾದಿಂದ ಕೆದಕಿ. ಪುಡಿಯಾಗಿ ಉದುರಿತೋ, ಗಂಟಾಯಿತೋ, ಕಪ್ಪು ಪಾಕದ ಥರ ಮೆತ್ತಿಕೊಂಡಿತೋ? ಮೆತ್ತಿಕೊಂಡರೆ ನೀರು ಹಾಕಿ ಗ್ರ್ಯಾನ್ಯುಲ್ (ಪುಡಿ ಸೇರಿಸಿ ಮಾಡಿದ ಸಣ್ಣ ಹರಳು) ಮಾಡುವ ಯೋಚನೆ ಬಿಟ್ಟುಬಿಡಿ, ನೀರಿಲ್ಲದೆ ಒತ್ತಿ ಒಡೆಯುವ ಒಣ ಗ್ರ್ಯಾನ್ಯುಲೇಷನ್ನೇ ಗತಿ. ಕೆಲಸದ ಕೋಣೆಯ ತೇವಾಂಶವನ್ನು ಶೇ. 40ಕ್ಕಿಂತ ಕೆಳಗಿಡಿ.

ಇಂಥ ಸಾರಕ್ಕೆ ಜೆಲಾಟಿನ್ ಕ್ಯಾಪ್ಸೂಲ್ ಕೂಡ ಸರಿಹೋಗುವುದಿಲ್ಲ. ಆ ಚಿಪ್ಪಿನಲ್ಲೇ ಶೇ. 13ರಿಂದ 16 ನೀರಿರುತ್ತದೆ. ಸಾರ ಅದನ್ನೇ ಎಳೆದುಕೊಂಡರೆ ಚಿಪ್ಪು ಒಣಗಿ ಪಟ್ ಅಂತ ಒಡೆಯುತ್ತದೆ. ಒಗರು ಕೊಡುವ ಟ್ಯಾನಿನ್ ಜಾಸ್ತಿ ಇದ್ದರೆ ಜೆಲಾಟಿನ್‌ಗೆ ಕಚ್ಚಿಕೊಂಡು ಕರಗದ ಹಾಗೆ ಮಾಡುವ ಭಯ ಬೇರೆ. ಎಚ್‌ಪಿಎಂಸಿ (ಸೆಲ್ಯುಲೋಸ್‌ನಿಂದ ಮಾಡಿದ) ಚಿಪ್ಪಿನಲ್ಲಿ ನೀರು ಶೇ. 3ರಿಂದ 7 ಅಷ್ಟೇ, ಅದನ್ನೇ ತಗೊಳ್ಳಿ.

ಮಾತ್ರೆಯೇ ಬೇಕು ಅಂದರೆ ಕಷ್ಟ ಬರುವುದು ಕರಗಿಸುವಲ್ಲಿ. ಸಾರ ಸ್ವತಃ ಅಂಟು. ನೀರಿಗೆ ಬಿದ್ದ ತಕ್ಷಣ ಹೊರಮೈ ಜೆಲ್ ಆಗಿ ನೀರನ್ನು ಒಳಗೆ ಬಿಡುವುದೇ ಇಲ್ಲ, ಮಾತ್ರೆ ಒಡೆಯುವ ಬದಲು ಸೋಪಿನ ತುಂಡಿನ ಹಾಗೆ ಮೇಲಿಂದ ಸವೆಯುತ್ತಾ ಹೋಗುತ್ತದೆ. ಲೇಪನ ಇಲ್ಲದ ಮಾತ್ರೆ ಒಡೆಯಲು ಸಾಮಾನ್ಯ ಮಿತಿ 15 ನಿಮಿಷ, ಫಿಲ್ಮ್ ಲೇಪನ ಇದ್ದರೆ 30. ಇಲ್ಲಿ ಸುಮ್ನೆ ಡಿಸಿಂಟಿಗ್ರೆಂಟ್ (ಮಾತ್ರೆ ಒಡೆಯಲು ಹಾಕುವ ವಸ್ತು) ಸುರಿಯುತ್ತಾ ಹೋದರೆ ಪ್ರಯೋಜನ ಕಮ್ಮಿ. ತಾನೇ ಜೆಲ್ ಆಗದ ಕ್ರಾಸ್‌ಪೊವಿಡೋನ್ ಆರಿಸಿ, ಅರ್ಧ ಗ್ರ್ಯಾನ್ಯುಲ್ ಒಳಗೆ, ಅರ್ಧ ಹೊರಗೆ ಹಾಕಿ. ಸಾರದ ಪ್ರಮಾಣ ಇಳಿಸಿ, ಮೈಕ್ರೋಕ್ರಿಸ್ಟಲೈನ್ ಸೆಲ್ಯುಲೋಸ್, ಡೈಕ್ಯಾಲ್ಸಿಯಂ ಫಾಸ್ಫೇಟ್‌ನಂಥ ಕರಗದ ಫಿಲ್ಲರ್ ಸೇರಿಸಿ. ಒತ್ತಡವನ್ನೂ ಕಡಿಮೆ ಮಾಡಿ ನೋಡಿ, ಕಲ್ಲಿನಂಥ ಮಾತ್ರೆಯಿಂದ ಯಾರಿಗೂ ಲಾಭ ಇಲ್ಲ.

ಕೆಲವು ಸಾರಗಳದ್ದು ಬೇರೆಯೇ ರಗಳೆ: ಮಾತ್ರೆ ಚೆನ್ನಾಗಿ ಒಡೆಯುತ್ತದೆ, ಒಳಗಿನದ್ದು ರಕ್ತಕ್ಕೆ ಸೇರುವುದಿಲ್ಲ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಇದಕ್ಕೆ ಹೆಸರುವಾಸಿ. 1998ರ ಒಂದು ಅಧ್ಯಯನದಲ್ಲಿ 2 ಗ್ರಾಂ ಕರ್ಕ್ಯುಮಿನ್ ಜೊತೆ ಕಾಳುಮೆಣಸಿನಲ್ಲಿರುವ ಪೈಪರಿನ್ 20 ಮಿ.ಗ್ರಾಂ ಕೊಟ್ಟಾಗ ಹೀರಿಕೆ ಶೇ. 2000 ಹೆಚ್ಚಿತು ಅಂತ ಬಂತು, ಆಮೇಲೆ ಎಲ್ಲರೂ ಕಾಳುಮೆಣಸಿನ ಹಿಂದೆ ಬಿದ್ದರು. ಆದರೆ ಪೈಪರಿನ್ ಬೇರೆ ಔಷಧಿಗಳ ವಿಲೇವಾರಿಯನ್ನೂ ನಿಧಾನ ಮಾಡಬಲ್ಲದು, ದಿನಾ ಮಾತ್ರೆ ನುಂಗುವವರಿಗೆ ಅದು ತೊಂದರೆ. ನಾನಾದರೆ ಮೊದಲು ಫಾಸ್ಫೋಲಿಪಿಡ್ (ಕೊಬ್ಬಿನ ಜಾತಿಯ ವಸ್ತು) ಜೊತೆ ಸೇರಿಸುವ ದಾರಿ ನೋಡುತ್ತೇನೆ.

ಪ್ರತಿ ಬ್ಯಾಚಲ್ಲೂ ಎಚ್‌ಪಿಎಲ್‌ಸಿಯಲ್ಲಿ (ಅಂಶಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಅಳೆಯಲು ಮಾರ್ಕರ್, ಅಂದರೆ ಸಾರದ ಗುರುತಿಗೆ ಆರಿಸಿದ ಒಂದು ಅಂಶ, ಇಟ್ಟುಕೊಳ್ಳಿ, ಬೇಡದ್ದನ್ನೂ ಅಳೆಯಿರಿ. ಗಿಂಕ್ಗೊ ಮರದ ಎಲೆಯ ಸಾರದಲ್ಲಿ ಫ್ಲೇವೋನ್ ಗ್ಲೈಕೋಸೈಡ್ ಶೇ. 24, ಟರ್ಪೀನ್ ಲ್ಯಾಕ್ಟೋನ್ ಶೇ. 6ರ ಸುತ್ತ ಇರಬೇಕು ಅನ್ನುವ ಹಾಗೆಯೇ ಬೇಡದ ಅಂಶವಾದ ಗಿಂಕ್ಗೋಲಿಕ್ ಆಮ್ಲ 5 ಪಿಪಿಎಂ ದಾಟಬಾರದು ಅನ್ನುವ ನಿಯಮವೂ ಇದೆ.

ಕೊನೆಗೆ ಸ್ಟೆಬಿಲಿಟಿ, ಅಂದರೆ ಇಟ್ಟರೆ ಕೆಡದೆ ಉಳಿಯುತ್ತದಾ ಅನ್ನುವ ಪರೀಕ್ಷೆ: 40 ಡಿಗ್ರಿ, ಶೇ. 75 ತೇವಾಂಶ, 6 ತಿಂಗಳು. ಮಾರ್ಕರ್ ಒಂದನ್ನೇ ಅಲ್ಲ, ಮಾತ್ರೆ ಒಡೆಯುವ ಸಮಯವನ್ನೂ ಪ್ರತಿ ಸಲ ನೋಡಿ, ಮೊದಲು ಕೈಕೊಡುವುದು ಹೆಚ್ಚಾಗಿ ಅದೇ. ಪಿವಿಸಿ ಬ್ಲಿಸ್ಟರ್, ಅಲು-ಅಲು (ಎರಡೂ ಕಡೆ ಅಲ್ಯುಮಿನಿಯಂ) ಬ್ಲಿಸ್ಟರ್, ಸಿಲಿಕಾ ಜೆಲ್ ಹಾಕಿದ ಬಾಟಲಿ ಮೂರನ್ನೂ ಒಟ್ಟಿಗೇ ಇಡಿ. ಬಾಟಲಿಯನ್ನು ಮಾತ್ರ ದಿನಾ ಒಂದು ಸಲ ತೆರೆದು ಮುಚ್ಚುತ್ತಾ ಬನ್ನಿ, ಮನೆಯಲ್ಲಿ ಜನ ಹಾಗೇ ಅಲ್ವಾ ಬಳಸುವುದು.