ಇಂಗಾಲದ ಬೆಲೆಯಿಂದ ಗಾಳಿ ಎಷ್ಟು ಶುದ್ಧವಾಯಿತು: ವಲಯವಾರು ಲೆಕ್ಕ ಹಾಕುವ ಕ್ರಮ

ಹೊರಬಿಡುವ ಪ್ರತಿ ಟನ್ ಇಂಗಾಲದ ಡೈಆಕ್ಸೈಡ್‌ಗೆ ತೆರಿಗೆಯಾಗಿಯೋ, ಕೊಂಡು ಮಾರಬಹುದಾದ ಪರವಾನಗಿಯಾಗಿಯೋ ಹಣ ತೆರಿಸುವ ನೀತಿಯೇ ಇಂಗಾಲದ ಬೆಲೆ. ಫಿನ್ಲೆಂಡ್ 1990ರಲ್ಲಿ ತೆರಿಗೆಯ ದಾರಿ ಹಿಡಿಯಿತು; ಐರೋಪ್ಯ ಒಕ್ಕೂಟ 2005ರಲ್ಲಿ ಪರವಾನಗಿ ಮಾರುಕಟ್ಟೆಯನ್ನು ತೆರೆಯಿತು. ಆದರೆ ಉಸಿರಾಟಕ್ಕೆ ಹಾನಿ ತರುವುದು ಅದೇ ಇಂಧನ ಉರಿಯುವಾಗ ಜೊತೆಗೇ ಹೊರಡುವ ಗಂಧಕದ ಡೈಆಕ್ಸೈಡ್, ನೈಟ್ರೋಜನ್ ಆಕ್ಸೈಡ್‌ಗಳು ಮತ್ತು ಪಿಎಂ 2.5 ಎಂಬ ಸೂಕ್ಷ್ಮ ಕಣಗಳು. ಆದ್ದರಿಂದ ಪ್ರತಿ ವಲಯದಲ್ಲೂ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಯಾವ ಇಂಧನ ಹೋಯಿತು, ಅದರ ಜಾಗಕ್ಕೆ ಯಾವುದು ಬಂತು?

ವಿದ್ಯುತ್ ವಲಯದಿಂದ ಆರಂಭಿಸಿ. ಇಲ್ಲಿ ಬದಲಾವಣೆ ಬೇಗ ಕಾಣುತ್ತದೆ. ಒಂದು ಯೂನಿಟ್ ವಿದ್ಯುತ್ತಿಗೆ ಕಲ್ಲಿದ್ದಲು ಸ್ಥಾವರ ಸುಮಾರು 1 ಕಿಲೋ, ಒಳ್ಳೆಯ ಅನಿಲ ಸ್ಥಾವರ ಸುಮಾರು 0.4 ಕಿಲೋ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಟನ್ನಿಗೆ 40 ಡಾಲರ್ ಬೆಲೆಯಿದ್ದರೆ ಕಲ್ಲಿದ್ದಲಿನ ಯೂನಿಟ್ಟಿಗೆ 4 ಸೆಂಟ್, ಅನಿಲದ ಯೂನಿಟ್ಟಿಗೆ 1.6 ಸೆಂಟ್ ಹೊರೆ ಬೀಳುತ್ತದೆ. ಈ ಅಂತರ ಸಾಕಾದಾಗ ಕಲ್ಲಿದ್ದಲು ಸ್ಥಾವರಗಳು ನಿಲ್ಲುತ್ತವೆ, ಅವುಗಳ ಗಂಧಕದ ಹೊಗೆ ಬಹುಪಾಲು ಇಲ್ಲವಾಗುತ್ತದೆ. ಆ ಹೊಗೆಯಿಂದ ದೂರದ ಊರುಗಳ ಆಕಾಶದಲ್ಲಿ ಹುಟ್ಟುತ್ತಿದ್ದ ಸಲ್ಫೇಟ್ ಕಣಗಳೂ ಕಡಿಮೆಯಾಗುತ್ತವೆ.

ಆದರೆ ಇಳಿದದ್ದೆಲ್ಲವನ್ನೂ ಬೆಲೆಯ ಖಾತೆಗೆ ಬರೆಯಬೇಡಿ. ಬ್ರಿಟನ್ 2013ರಲ್ಲಿ ವಿದ್ಯುತ್ ಉತ್ಪಾದನೆಯ ಇಂಧನದ ಮೇಲೆ ಇಂಗಾಲದ ಹೆಚ್ಚುವರಿ ತೆರಿಗೆ ಹಾಕಿ, 2015ರಲ್ಲಿ ಅದನ್ನು ಟನ್ನಿಗೆ ಸುಮಾರು 18 ಪೌಂಡಿಗೆ ಏರಿಸಿತು. 2012ರಲ್ಲಿ ಸುಮಾರು ಶೇ. 40ರಷ್ಟಿದ್ದ ಕಲ್ಲಿದ್ದಲಿನ ಪಾಲು ಕುಸಿದು, ಕೊನೆಯ ಸ್ಥಾವರ 2024ರ ಸೆಪ್ಟೆಂಬರ್ 30ರಂದು ಮುಚ್ಚಿತು. ಅದೇ ಅವಧಿಯಲ್ಲಿ ದೊಡ್ಡ ಸ್ಥಾವರಗಳ ಹೊಗೆಗೆ ಮಿತಿ ಹಾಕಿದ ಐರೋಪ್ಯ ನಿಯಮವೂ ಹಲವು ಹಳೆಯ ಸ್ಥಾವರಗಳನ್ನು ಮುಚ್ಚಿಸಿತ್ತು. ಇಂಥ ನಿಯಮಗಳು, ಅನಿಲದ ದರ, ಆರ್ಥಿಕ ಹಿಂಜರಿತ, ಗಾಳಿ-ಮಳೆ ಇವುಗಳ ಪಾಲನ್ನು ಕಳೆದ ಮೇಲೆ ಉಳಿಯುವುದಷ್ಟೇ ಬೆಲೆಯ ಫಲ. ನನ್ನ ಅಭಿಪ್ರಾಯದಲ್ಲಿ ಲೆಕ್ಕ ಹೆಚ್ಚಾಗಿ ಎಡವುವುದು ಇಲ್ಲಿಯೇ.

ಸಾರಿಗೆಯಲ್ಲಿ ನಿರೀಕ್ಷೆ ತಗ್ಗಿಸಿಕೊಳ್ಳಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಟನ್ನಿಗೆ 50 ಡಾಲರ್ ಎಂದರೂ ಲೀಟರಿಗೆ ಹನ್ನೊಂದು-ಹನ್ನೆರಡು ಸೆಂಟ್ ಮಾತ್ರ. ಅಷ್ಟಕ್ಕೆ ಜನ ತಕ್ಷಣ ವಾಹನ ಬಿಡುವುದಿಲ್ಲ. ಜೊತೆಗೆ, ಇಂಗಾಲವನ್ನಷ್ಟೇ ಅಳೆಯುವ ತೆರಿಗೆ, ಕಿಲೋಮೀಟರಿಗೆ ಕಡಿಮೆ ಇಂಗಾಲ ಬಿಟ್ಟರೂ ನೈಟ್ರೋಜನ್ ಆಕ್ಸೈಡ್ ಹೆಚ್ಚು ಉಗುಳುತ್ತಿದ್ದ ಹಳೆಯ ಡೀಸೆಲ್ ಕಾರಿಗೆ ಅನುಕೂಲವಾಗಿ ಪರಿಣಮಿಸಬಲ್ಲದು. ವಿದ್ಯುತ್ ವಾಹನ ಬಂದರೆ ಹೊಗೆ ಹೋಗುತ್ತದೆ, ಟೈರಿನ ಕಣಗಳು ಉಳಿಯುತ್ತವೆ.

ಸಿಮೆಂಟ್ ಕಾರ್ಖಾನೆಯ ಇಂಗಾಲದ ಡೈಆಕ್ಸೈಡ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಸುಣ್ಣಕಲ್ಲಿನಿಂದಲೇ ಬರುವುದರಿಂದ, ಅಲ್ಲಿ ಇಂಧನದೊಂದಿಗೆ, ಸುಣ್ಣಕಲ್ಲನ್ನು ಸುಟ್ಟು ಮಾಡುವ ಸಿಮೆಂಟಿನ ಮೂಲವಸ್ತುವಾದ ಕ್ಲಿಂಕರ್‌ನ ಬಳಕೆಯನ್ನೂ ನೋಡಿ.

ಮನೆ ಬೆಚ್ಚಗಿಡುವ ಇಂಧನದ ಲೆಕ್ಕವನ್ನು ಎಚ್ಚರದಿಂದ ಮಾಡಿ. ಐರೋಪ್ಯ ಮಾರುಕಟ್ಟೆಯ ಲೆಕ್ಕದಲ್ಲಿ ಸುಸ್ಥಿರವೆನಿಸಿದ ಕಟ್ಟಿಗೆಯ ಇಂಗಾಲ ಸೊನ್ನೆ. ಅನಿಲಕ್ಕೆ ಬೆಲೆ ಬಿದ್ದು ಕಟ್ಟಿಗೆಗೆ ಬೀಳದಿದ್ದರೆ, ಜನ ಒಲೆಗೆ ಕಟ್ಟಿಗೆ ತುಂಬುತ್ತಾರೆ. ಕಾಗದದ ಮೇಲೆ ಇಂಗಾಲ ಇಳಿಯುತ್ತದೆ, ಬೀದಿಯಲ್ಲಿ ಸೂಕ್ಷ್ಮ ಕಣ ಏರುತ್ತದೆ. ಕೃಷಿಯಾದರೋ ಬಹುತೇಕ ಕಡೆ ಬೆಲೆಯ ಹೊರಗೇ ಇದೆ. ಗೊಬ್ಬರ ಮತ್ತು ಸಗಣಿಯಿಂದ ಏಳುವ ಅಮೋನಿಯಾ ಸೂಕ್ಷ್ಮ ಕಣಗಳಾಗಿ ಮಾರ್ಪಡುತ್ತಲೇ ಇರುತ್ತದೆ.

ಕಡೆಯದಾಗಿ ನಕ್ಷೆಯನ್ನು ಬಿಡಿಸಿ. ಒಂದು ಟನ್ ಇಂಗಾಲ ಎಲ್ಲಿ ತಗ್ಗಿದರೂ ಹವಾಮಾನಕ್ಕೆ ಒಂದೇ, ಆದರೆ ಹೊಗೆ ಚಿಮಣಿಯ ಪಕ್ಕದವರಿಗೇ ಹೆಚ್ಚು ತಟ್ಟುತ್ತದೆ. ಪರವಾನಗಿ ಕೊಂಡ ಕಾರ್ಖಾನೆ ಅದೇ ಕೇರಿಯ ಮೇಲೆ ಹೊಗೆ ಬಿಡುತ್ತಲೇ ಇರಬಹುದು. ಕ್ಯಾಲಿಫೋರ್ನಿಯಾ 2017ರಲ್ಲಿ ತನ್ನ ಇಂಗಾಲ ಮಾರುಕಟ್ಟೆಯ ಅವಧಿ ವಿಸ್ತರಿಸುವಾಗ, ಬಡಾವಣೆ ಮಟ್ಟದಲ್ಲಿ ಗಾಳಿಯನ್ನು ಅಳೆಯಲು ಪ್ರತ್ಯೇಕ ಕಾನೂನನ್ನೂ ಜೊತೆಗೇ ತಂದದ್ದು ಈ ದೂರಿಗೆ ಉತ್ತರವಾಗಿ. ವಲಯದ ಸರಾಸರಿಯ ಪಕ್ಕದಲ್ಲಿ ಅಂಥ ಸ್ಥಳೀಯ ಮಾಪನದ ಅಂಕಿಗಳನ್ನೂ ಇಟ್ಟು ನೋಡಿ.