ಹಳೆಯ ಮಾರುತಿ 800ರ ಕಳೆದುಹೋದ ಪಿಕಪ್ಪನ್ನು ಕಡಿಮೆ ಖರ್ಚಿನಲ್ಲಿ ಮರಳಿ ಪಡೆಯುವ ಬಗೆ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ಮಂಗಳೂರಿನ ಗಾಳಿಗಿಂತ ತೆಳುವಾಗಿರುವುದರಿಂದ, ಟರ್ಬೊ (ಗಾಳಿಯನ್ನು ಒತ್ತಿ ತುಂಬುವ ಸಾಧನ) ಇಲ್ಲದ ಯಾವುದೇ ಎಂಜಿನ್ನು ತನ್ನ ಶಕ್ತಿಯಲ್ಲಿ ಹೆಚ್ಚುಕಡಿಮೆ ಹತ್ತನೆಯ ಒಂದು ಪಾಲನ್ನು ಇಲ್ಲಿ ಕಳೆದುಕೊಳ್ಳುತ್ತದೆ. 796 ಸಿಸಿಯ, ಮೂರು ಸಿಲಿಂಡರಿನ ಕಾರ್ಬೊರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಇರುವ ಮಾರುತಿ 800ಕ್ಕೆ ಕಾರ್ಖಾನೆ ಕೊಟ್ಟಿದ್ದೇ ಸುಮಾರು 37 ಅಶ್ವಶಕ್ತಿ. ಅದರಲ್ಲಿ ಮೂರು-ನಾಲ್ಕನ್ನು ಊರಿನ ಎತ್ತರವೇ ಕಿತ್ತುಕೊಂಡರೆ, ಉಳಿದದ್ದರಲ್ಲಿ ಇನ್ನಷ್ಟನ್ನು ಸವೆತ ಮತ್ತು ತಪ್ಪು ಸೆಟ್ಟಿಂಗ್ ಕಬಳಿಸಿರುತ್ತವೆ. ಎತ್ತರದ ನಷ್ಟಕ್ಕೆ ಅಗ್ಗದ ಪರಿಹಾರವಿಲ್ಲ. ಸವೆತದ ನಷ್ಟಕ್ಕೆ ಇದೆ. ಹೊಸ ಭಾಗಗಳನ್ನು ಕೊಳ್ಳುವ ಮೊದಲು ಕಾರಿನಲ್ಲಿ ಮೊದಲಿದ್ದ ಶಕ್ತಿಯನ್ನು ಅದಕ್ಕೆ ಹಿಂದಿರುಗಿಸಬೇಕು ಎನ್ನುವುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಅಳೆಯಿರಿ. ಬೆಳಗಿನ ಜಾವ ನಗರದ ಹೊರಗಿನ ಖಾಲಿ, ಸಮತಟ್ಟಾದ ರಸ್ತೆಯಲ್ಲಿ, ಎಸಿ ಆರಿಸಿ, ಮೂರನೆಯ ಗೇರಿನಲ್ಲಿ ಗಂಟೆಗೆ 30 ಕಿಲೋಮೀಟರಿನಿಂದ 60ಕ್ಕೆ ಏರಲು ಎಷ್ಟು ಸೆಕೆಂಡು ಬೇಕು ಎಂಬುದನ್ನು ಪಕ್ಕದಲ್ಲಿ ಕುಳಿತವರು ಮೊಬೈಲಿನಲ್ಲಿ ಗುರುತು ಮಾಡಿಕೊಳ್ಳಲಿ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಅಳೆದು ಸರಾಸರಿ ತೆಗೆಯಿರಿ. ಪ್ರತಿಯೊಂದು ಕೆಲಸದ ನಂತರವೂ ಅದೇ ರಸ್ತೆಯಲ್ಲಿ, ಅಷ್ಟೇ ಜನರೊಂದಿಗೆ ಮತ್ತೆ ಅಳೆಯಬೇಕು, ಏಕೆಂದರೆ ಸದ್ದು ಜೋರಾದ ಕಾರು ವೇಗವಾಗಿ ಓಡುತ್ತಿದೆ ಎಂದು ಕಿವಿ ಸುಲಭವಾಗಿ ನಂಬಿಬಿಡುತ್ತದೆ. ನಾನು ಹಿಂದೊಮ್ಮೆ ಒಂದು ಗ್ಯಾರೇಜಿನವರ ಮಾತು ಕೇಳಿ ದಪ್ಪ ಕೊಳವೆಯ ಸೈಲೆನ್ಸರ್ ಹಾಕಿಸಿದ್ದೆ. ಕಾರು ಗರ್ಜಿಸಿತು, ಆದರೆ ಮೂರನೆಯ ಗೇರಿನ ಎಳೆತ ಮೊದಲಿಗಿಂತ ಕುಗ್ಗಿತ್ತು. ಆ ಹಣವನ್ನು ಇಂದಿಗೂ ನೆನೆದು ಬೇಸರಪಡುತ್ತೇನೆ, ಏಕೆಂದರೆ ನಿಜವಾದ ದೋಷ ಆಕ್ಸಿಲರೇಟರ್ ಕೇಬಲ್ಲಿನಲ್ಲಿತ್ತು.

ಆದ್ದರಿಂದ ಅಲ್ಲಿಂದಲೇ ಆರಂಭಿಸಿ. ಎಂಜಿನ್ ಆರಿಸಿ, ಏರ್ ಫಿಲ್ಟರಿನ ಡಬ್ಬಿಯನ್ನು ಬಿಚ್ಚಿ, ಒಬ್ಬರಿಗೆ ಪೆಡಲನ್ನು ನೆಲಮುಟ್ಟ ಒತ್ತಲು ಹೇಳಿ, ನೀವು ಕಾರ್ಬೊರೇಟರಿನ ಲಿವರನ್ನು ನೋಡಿ. ಅದು ತನ್ನ ತಡೆಗೆ ತಾಗಿ ನಿಲ್ಲಬೇಕು. ಬೆರಳಿನಿಂದ ತಳ್ಳಿದಾಗ ಇನ್ನಷ್ಟು ಸರಿದರೆ, ಕೇಬಲ್ ಸಡಿಲವಾಗಿದೆ ಅಥವಾ ಪೆಡಲಿನ ಕೆಳಗೆ ರಬ್ಬರ್ ಮ್ಯಾಟು ಮಡಚಿಕೊಂಡಿದೆ ಎಂದರ್ಥ. ನನ್ನ ಕಾರಿನಲ್ಲಿ ಎರಡೂ ಇದ್ದವು. ಹತ್ತನೆಯ ನಂಬರ್ ಸ್ಪ್ಯಾನರಿನ ಕೆಲಸ, ಖರ್ಚು ಸೊನ್ನೆ.

ಇಗ್ನಿಷನ್ನಿನ ಪರೀಕ್ಷೆಗೆ ರಾತ್ರಿ ಒಳ್ಳೆಯದು. ಕತ್ತಲಲ್ಲಿ ಬಾನೆಟ್ ತೆರೆದು ಎಂಜಿನ್ ಚಾಲೂ ಮಾಡಿದಾಗ ಪ್ಲಗ್ಗಿನ ವೈರುಗಳ ಮೇಲೆ ನೀಲಿ ಕಿಡಿ ಹರಿದಾಡುವುದು ಕಂಡರೆ, ಆ ಕಿಡಿ ಸಿಲಿಂಡರಿನ ಒಳಗೆ ಹೋಗದೆ ಹೊರಗೇ ಸೋರುತ್ತಿದೆ. ವೈರುಗಳ ಸೆಟ್ಟನ್ನೇ ಬದಲಿಸಿ. ಪ್ಲಗ್ಗುಗಳನ್ನು ಬಿಚ್ಚಿ ಮೂರನ್ನೂ ಸಾಲಾಗಿ ಇಡಿ. ತುದಿ ತಿಳಿ ಕಂದು ಬಣ್ಣದಲ್ಲಿದ್ದರೆ ಸರಿ, ಒಣ ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚಾಗಿದೆ, ಬಿಳಿಚಿಕೊಂಡಿದ್ದರೆ ಕಡಿಮೆಯಾಗಿದೆ. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಒಳಗೆ ತಿರುಗುವ ತುಂಡಾದ ರೋಟರನ್ನು ಅದು ತಿರುಗುವ ದಿಕ್ಕಿಗೆ ಕೈಯಿಂದ ಸ್ವಲ್ಪ ತಿರುಚಿ ಬಿಡಿ. ಅದು ಚಟ್ಟನೆ ಹಿಂದಕ್ಕೆ ಬರಬೇಕು. ಬರದೆ ಅಂಟಿಕೊಂಡರೆ ಕೆಳಗಿನ ತೂಕದ ಬಿಲ್ಲೆಗಳು ತುಕ್ಕು ಹಿಡಿದಿವೆ, ವೇಗ ಏರಿದಂತೆ ಟೈಮಿಂಗ್ ಮುಂದಕ್ಕೆ ಹೋಗುತ್ತಿಲ್ಲ, ಅಂದರೆ ಕಿಡಿ ಬೇಗ ಹಾರುತ್ತಿಲ್ಲ. ಸ್ವಚ್ಛಗೊಳಿಸಿ ಒಂದು ಹನಿ ಎಣ್ಣೆ ಬಿಟ್ಟರೆ ಸಾಕು. ಇಷ್ಟು ಸಣ್ಣ ದೋಷ ಇಷ್ಟು ಶಕ್ತಿಯನ್ನು ತಿನ್ನುತ್ತದೆ ಎಂಬುದನ್ನು ಎಷ್ಟೋ ಮಂದಿ ನಂಬುವುದಿಲ್ಲ.

ಟ್ಯಾಪೆಟ್ ಸೆಟ್ಟಿಂಗನ್ನು (ವಾಲ್ವು ಮತ್ತು ಅದನ್ನು ಒತ್ತುವ ತೋಳಿನ ನಡುವಿನ ಸಂದಿಯ ಹೊಂದಿಕೆಯನ್ನು) ಎಂಜಿನ್ ತಣ್ಣಗಿರುವಾಗ, ಮ್ಯಾನ್ಯುಯಲ್ಲಿನಲ್ಲಿ ಹೇಳಿದ ಅಂತರಕ್ಕೆ ಫೀಲರ್ ಗೇಜಿನಿಂದ ಮಾಡಬೇಕು. ಗೇಜಿನ ತಗಡು ಪುಸ್ತಕದ ಹಾಳೆಗಳ ನಡುವಿನಿಂದ ಎಳೆದಂತೆ ತುಸು ಹಿಡಿದುಕೊಂಡು ಜಾರಬೇಕು. ಸದ್ದು ಬರಬಾರದೆಂದು ಬಿಗಿ ಮಾಡಿಸುವ ಅಭ್ಯಾಸ ನಮ್ಮಲ್ಲಿದೆ. ಅಂತರ ಇಲ್ಲದ ವಾಲ್ವು ಬಿಸಿಯಾದಾಗ ಪೂರ್ತಿ ಮುಚ್ಚದೆ, ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಸೋರಿ, ಕಡೆಗೆ ಸುಟ್ಟುಹೋಗುತ್ತದೆ. ಆಮೇಲೆ ಕಂಪ್ರೆಷನ್ ಗೇಜಿನಲ್ಲಿ, ಆಕ್ಸಿಲರೇಟರ್ ಪೂರ್ತಿ ಒತ್ತಿ, ಮೂರೂ ಸಿಲಿಂಡರುಗಳನ್ನು ಪರೀಕ್ಷಿಸಿ. ಊರಿನ ಎತ್ತರದಿಂದಾಗಿ ಅಂಕಿ ಸ್ವಲ್ಪ ಕಡಿಮೆ ಬಂದರೆ ಗಾಬರಿ ಬೇಡ, ಮೂರರ ನಡುವೆ ವ್ಯತ್ಯಾಸ ಹತ್ತರಲ್ಲೊಂದು ಪಾಲು ಮೀರಬಾರದು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿದಾಗ ಅಂಕಿ ಏರಿದರೆ ಪಿಸ್ಟನ್ ರಿಂಗು ಸವೆದಿದೆ, ಏರದಿದ್ದರೆ ದೋಷ ಹೆಚ್ಚಾಗಿ ವಾಲ್ವಿನದು.

ಕಾರ್ಬೊರೇಟರ್ ತೊಳೆಸುವುದು ಎಲ್ಲರಿಗೂ ಗೊತ್ತು, ಜೆಟ್ (ಪೆಟ್ರೋಲ್ ಹಾಯುವ ಸಣ್ಣ ರಂಧ್ರದ ತುಂಡು) ಬದಲಿಸುವ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ತೆಳುಗಾಳಿಯಲ್ಲಿ ಕಾರ್ಬೊರೇಟರ್ ಪೆಟ್ರೋಲನ್ನು ತುಸು ಹೆಚ್ಚಾಗಿ ಬಿಡುತ್ತದೆ; ಈಗ ಬಂಕುಗಳಲ್ಲಿ ಸಿಗುವ, ಶೇಕಡ 20ರವರೆಗೆ ಎಥೆನಾಲ್ ಬೆರೆತ ಪೆಟ್ರೋಲ್ ಇದಕ್ಕೆ ವಿರುದ್ಧವಾಗಿ ಮಿಶ್ರಣವನ್ನು ತೆಳುವಾಗಿಸುತ್ತದೆ. ಎರಡೂ ಪರಸ್ಪರ ಎಳೆದಾಡುವಾಗ ಪ್ಲಗ್ಗಿನ ಬಣ್ಣ ನೋಡದೆ ಜೆಟ್ ಕೊರೆಸಲು ಹೋಗಬಾರದು. ಎಥೆನಾಲ್ ಹಳೆಯ ರಬ್ಬರನ್ನು ಹಾಳುಮಾಡುವುದರಿಂದ, ಎಲ್ಲ ಪೆಟ್ರೋಲ್ ಹೋಸುಗಳನ್ನೂ ಫಿಲ್ಟರನ್ನೂ ಈಗಲೇ ಬದಲಿಸಿಬಿಡಿ. ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಿಗೆ ಹಳೆಯ ತುಂಡನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗುವುದು ಒಳ್ಳೆಯದು, ಆಗ ಅಳತೆ ತಪ್ಪುವುದಿಲ್ಲ.

ಎಂಜಿನ್ ಕೊಟ್ಟ ಶಕ್ತಿ ಚಕ್ರಕ್ಕೆ ತಲುಪುತ್ತಿದೆಯೇ ನೋಡಿ. ಚಕ್ರಗಳನ್ನು ಜ್ಯಾಕಿನ ಮೇಲೆತ್ತಿ ಕೈಯಿಂದ ತಿರುಗಿಸಿದಾಗ ಬ್ರೇಕು ಹಿಡಿದುಕೊಳ್ಳಬಾರದು. ದಿಬ್ಬದಲ್ಲಿ ಎಂಜಿನ್ನಿನ ಸದ್ದು ಏರಿಯೂ ಕಾರಿನ ವೇಗ ಏರದಿದ್ದರೆ ಕ್ಲಚ್ ಪ್ಲೇಟು ಜಾರುತ್ತಿದೆ.

ಈ ಕಾರಿನ ತೂಕ ಸುಮಾರು 650 ಕಿಲೋ. ಡಿಕ್ಕಿಯಲ್ಲಿ ತಿಂಗಳುಗಟ್ಟಲೆ ಉಳಿದ ಸಾಮಾನು, ಮೇಲಿನ ಕ್ಯಾರಿಯರ್, ದೊಡ್ಡ ಸ್ಪೀಕರ್ ಪೆಟ್ಟಿಗೆ ಸೇರಿ 40 ಕಿಲೋ ಇಳಿದರೂ ಆ ವ್ಯತ್ಯಾಸ ಸಿಗ್ನಲ್ಲಿನಿಂದ ಹೊರಡುವಾಗ ತಿಳಿಯುತ್ತದೆ. ಅಂದಕ್ಕಾಗಿ ದೊಡ್ಡ ಚಕ್ರ ಹಾಕಿಸಬೇಡಿ. ಮೂಲದ 145/70 ಆರ್ 12 ಟೈರಿನ ಬದಲು 155/65 ಆರ್ 13 ಹಾಕಿದರೆ ವ್ಯಾಸ ಶೇಕಡ 5ರಷ್ಟು ಹೆಚ್ಚಿ, ಪ್ರತಿ ಗೇರಿನ ಎಳೆತವೂ ಅಷ್ಟೇ ಕುಗ್ಗುತ್ತದೆ, ಸ್ಪೀಡೋಮೀಟರ್ ಕೂಡ ತಪ್ಪು ಹೇಳುತ್ತದೆ. ಬಾನೆಟ್ಟಿನ ಒಳಗಿನ ಬಿಸಿಗಾಳಿಯನ್ನೇ ಹೀರುವ ತೆರೆದ ಫಿಲ್ಟರಿಗಿಂತ, ಮೂಲದ ಡಬ್ಬಿಯಲ್ಲಿ ಹೊಸ ಕಾಗದದ ಫಿಲ್ಟರ್ ಹಾಕಿ ಹೊರಗಿನ ತಂಪುಗಾಳಿ ಬರುವಂತೆ ಇಡುವುದು ಮೇಲು.

ಇವೆಲ್ಲ ಮುಗಿದ ನಂತರವೇ ಇಗ್ನಿಷನ್ ಟೈಮಿಂಗನ್ನು ಮುಟ್ಟಿ. ತೆಳುಗಾಳಿಯಿಂದ ಸಿಲಿಂಡರಿನ ಒತ್ತಡ ಕಡಿಮೆ ಇರುವ ಕಾರಣ, ಕಾರ್ಖಾನೆ ಹೇಳಿದ್ದಕ್ಕಿಂತ ಒಂದೆರಡು ಡಿಗ್ರಿ ಮುಂದಕ್ಕಿಡಲು ಇಲ್ಲಿ ಸಾಮಾನ್ಯವಾಗಿ ಅವಕಾಶವಿರುತ್ತದೆ. ಟೈಮಿಂಗ್ ಲೈಟಿನಲ್ಲಿ ಒಂದೊಂದೇ ಡಿಗ್ರಿ ಸರಿಸಿ, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ನಾಲ್ಕು ಜನರನ್ನು ಕೂರಿಸಿಕೊಂಡು ದಿಬ್ಬ ಹತ್ತಿಸಿ. ಡಬ್ಬಿಯಲ್ಲಿ ಗೋಲಿ ಕುಲುಕಿದಂಥ ಸದ್ದು ಕೇಳಿಸಿದ ತಕ್ಷಣ ಕಾಲು ತೆಗೆದು ಎರಡು ಡಿಗ್ರಿ ಹಿಂದಕ್ಕೆ ತನ್ನಿ, ಆ ಸದ್ದು ಪಿಸ್ಟನ್ನಿಗೆ ಬೀಳುತ್ತಿರುವ ಏಟು.

ಇದಾದರೂ ತೃಪ್ತಿಯಾಗದವರು ದೊಡ್ಡ ಎಂಜಿನ್ ಕೂರಿಸುವ ಯೋಚನೆ ಮಾಡುತ್ತಾರೆ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ, ಎಂಜಿನ್ ಬದಲಿಸಲು ಆರ್‌ಟಿಒ ಅನುಮತಿ ಬೇಕು. ಅನುಮತಿ ಸಿಗುವುದೇ ಎಂದು ವಿಚಾರಿಸಿಕೊಳ್ಳುವ ಮೊದಲು ಯಾವ ಗ್ಯಾರೇಜಿಗೂ ಮುಂಗಡ ಕೊಡಬೇಡಿ.