ಉಪ್ಪಳದ ವಾಚೂ ಎರಡನೇ ಹೆಸರೂ

ತಯಾರಕರ ಹೆಸರಿನ ಜೊತೆ ಮಾರಿದ ಅಂಗಡಿಯ ಹೆಸರೂ ಡಯಲಿನಲ್ಲಿರುವ ಹಳೇ ವಾಚು ಕೂಡಿಸುವ ಹುಚ್ಚು ನನ್ನದು. ಮೊದಲ ವಾಚನ್ನು ಹಾಳು ಮಾಡಿದ್ದು ನಾನೇ. ಕಾಸರಗೋಡಿನ ಕಡೆಯ ಉಪ್ಪಳದ ಒಂದು ಮನೆಯಲ್ಲಿ ಸಿಕ್ಕಿದ್ದು. ಯಜಮಾನರು ಹಿಂದೆ ಬೊಂಬಾಯಿಯಲ್ಲಿ ಹೋಟೆಲ್ ನಡೆಸಿದವರು. ಡಯಲಿನಲ್ಲಿ ಮೇಲೆ ತಯಾರಕರ ಹೆಸರು ಜೇಗರ್-ಲೆಕೂಲ್ಟ್ರ್, ಕೆಳಗೆ ಸಣ್ಣಕ್ಷರದಲ್ಲಿ ಫಾವ್ರ್-ಲೂಬಾ. ನಮ್ಮ ಕಡೆಯ ಹಿರಿಯರ ಬಾಯಲ್ಲಿ ಅದು ‘ಫೇವರ್ ಲೂಬಾ’. ಫಾವ್ರ್-ಲೂಬಾದವರು ಸ್ವತಃ ವಾಚು ಮಾಡುವವರೇ ಆದರೂ ಬೊಂಬಾಯಿಗೆ ಬೇರೆ ಸ್ವಿಸ್ ಕಂಪೆನಿಗಳ ವಾಚನ್ನೂ ತರಿಸಿ ಮಾರುತ್ತಿದ್ದರು. ಒಂದೇ ಡಯಲಿನಲ್ಲಿ ಎರಡು ಹೆಸರು ಬಂದದ್ದು ಹಾಗೆ. ಆಗ ನನಗೆ ಇದು ಯಾವುದೂ ಗೊತ್ತಿಲ್ಲ. ಕಂದು ಕಲೆ ಇದೆಯಲ್ಲ, ತೊಳೆಸಿಬಿಡುವ ಅಂತ ರಿಪೇರಿಗೆ ಕೊಟ್ಟೆ. ಮೂರು ದಿನ ಬಿಟ್ಟು ಹೋದರೆ ವಾಚು ಪಳಪಳ. ಕಲೆಯ ಜೊತೆ ಕೆಳಗಿನ ಹೆಸರೂ ಹೋಗಿತ್ತು. ರಿಪೇರಿಯವರನ್ನು ಬೈಯುವ ಹಾಗಿಲ್ಲ, ತೊಳೆಯಿರಿ ಅಂದವನು ನಾನು.

ಅಂಗಡಿಯ ಹೆಸರು ಎಷ್ಟೋ ಸಲ ಡಯಲ್ ಪೂರ್ತಿ ಆಗಿ, ಮೇಲಿನ ಲ್ಯಾಕರ್ (ವಾರ್ನಿಷಿನಂಥ ಪದರ) ಒಣಗಿದ ಮೇಲೆ ಒತ್ತಿದ್ದು. ಅದರ ಮೇಲೆ ಇನ್ನೊಂದು ಪದರ ಇಲ್ಲ. ಒದ್ದೆ ಹತ್ತಿಯಲ್ಲಿ ಎರಡು ಸಲ ಉಜ್ಜಿದರೆ ಸಾಕು, ಎದ್ದು ಬರುತ್ತದೆ. ಆ ಒಂದು ಗೆರೆಯ ಬೆಲೆ ಎಷ್ಟು ಅಂತ ನನಗೆ ಹೊಟ್ಟೆ ಉರಿದದ್ದು 2021ರ ಡಿಸೆಂಬರಿನಲ್ಲಿ. ಟಿಫಾನಿ ಅಂಗಡಿಯ ಹೆಸರಿದ್ದ, ಪಾಟೆಕ್ ಫಿಲಿಪ್ ಕಂಪೆನಿಯ ನಾಟಿಲಸ್ ವಾಚು ನ್ಯೂಯಾರ್ಕಿನ ಹರಾಜಿನಲ್ಲಿ 65 ಲಕ್ಷ ಡಾಲರಿಗೆ ಹೋಯಿತು. ಅಂಥದ್ದು ಮಾಡಿದ್ದೇ 170.

ಬೆಲೆ ಇದ್ದಲ್ಲಿ ಕಳ್ಳತನವೂ ಇದೆ. ಹಳೇ ಡಯಲಿಗೆ ಹೊಸ ಬಣ್ಣ ಬಳಿದು ಕೇಳಿದ ಹೆಸರು ಹಾಕಿಕೊಡುವ ಕೆಲಸಕ್ಕೆ ಬೊಂಬಾಯಿ ಹೆಸರುವಾಸಿ. ಹಾಗಾಗಿ ಈಗ ನಾನು ಹೆಸರನ್ನು ಕೊನೆಗೆ ನೋಡುತ್ತೇನೆ. ಬೆಳಗ್ಗೆ ಒಂಬತ್ತರ ಬಿಸಿಲು ಚಾವಡಿಗೆ ಓರೆಯಾಗಿ ಬೀಳುವಾಗ ಹತ್ತುಪಟ್ಟು ದೊಡ್ಡದು ತೋರಿಸುವ ಲೂಪ್ (ಭೂತಗನ್ನಡಿ) ಹಿಡಿದು ಮೊದಲು ನಿಮಿಷದ ಗೆರೆಗಳು. ಗಂಟೆಯ ಕಡ್ಡಿಗೆ ಸರಿಯಾಗಿ ಎದುರು ನಿಂತಿವೆಯೇ? ಆರರ ಕೆಳಗೆ ‘ಸ್ವಿಸ್’ ಪೂರ್ತಿ ಇದೆಯೇ, ಅರ್ಧ ತುಂಡಾಗಿದೆಯೇ? ಆಮೇಲೆ ಅಕ್ಷರ. ಒಳ್ಳೆ ಅಚ್ಚಿನ ಶಾಯಿ ಸ್ವಲ್ಪ ಉಬ್ಬಿ, ಅಂಚು ಬ್ಲೇಡಿನಲ್ಲಿ ಕೊಯ್ದ ಹಾಗೆ ಇರುತ್ತದೆ. ಹೊಸ ಬಣ್ಣದ್ದು ಅಂಚಿನಲ್ಲಿ ಹರಿದಿರುತ್ತದೆ. ಅಂಗಡಿ ಹೆಸರಿನ ಶಾಯಿ ಬೇರೆಯಾಗಿದ್ದರೆ ನಾನು ಹೆದರುವುದಿಲ್ಲ, ಒತ್ತಿದ್ದೇ ಬೇರೆ ಕಡೆ. ಆದರೆ ಡಯಲೆಲ್ಲ ಹಣ್ಣಾಗಿ ಹೆಸರು ಮಾತ್ರ ನಿನ್ನೆಯದರ ಹಾಗಿದ್ದರೆ ವಾಚು ವಾಪಸ್.

ನಮ್ಮೂರಿನದೇ ಒಂದು ಸೊಗಸಿದೆ. 1956ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು, ರಾಜಧಾನಿ ಮದ್ರಾಸು. ಅಲ್ಲಿನ ಮೌಂಟ್ ರೋಡಿನ ಪಿ. ಓರ್ ಅಂಡ್ ಸನ್ಸ್ ಅಂಗಡಿಯ ಹೆಸರಿನ ವಾಚು ಹಳೇ ವಕೀಲರ ಕಪಾಟಿನಿಂದ ಹೊರಬಂದರೆ ನನಗೆ ಆಶ್ಚರ್ಯವಿಲ್ಲ. ನನ್ನಲ್ಲಿ ಒಂದಿದೆ, ತಯಾರಕರ ಹೆಸರೇ ಇಲ್ಲ, ಬರೀ ಅಂಗಡಿಯದು. ದುಬಾರಿ ವಾಚೇನಲ್ಲ, ಆದರೆ ಕೊಡುವುದಿಲ್ಲ. ಇನ್ನು ಗಲ್ಫಿನ ಕಡೆ: ಒಮಾನಿನ ಸುಲ್ತಾನ್ ಕಾಬೂಸ್ ಉಡುಗೊರೆಗೆಂದು ಲಂಡನ್ನಿನ ಆಸ್ಪ್ರೇ ಅಂಗಡಿಯ ಮೂಲಕ ಮಾಡಿಸಿದ, ಖಂಜರ್ (ಬಾಗಿದ ಕಠಾರಿ) ಲಾಂಛನದ ರೋಲೆಕ್ಸ್. ಮಸ್ಕತ್ತಿನಿಂದ ಬಂದವರ ಮನೆಗಳಲ್ಲಿ ಹತ್ತು ವರ್ಷ ಕೇಳಿದ್ದೇನೆ. ಚಹಾ, ಹಲ್ವ ಸಿಕ್ಕಿದೆ.

ಆಟಿಯಲ್ಲಿ, ಅಂದರೆ ನಮ್ಮ ಕಡೆಯ ಜೋರು ಮಳೆಯ ತಿಂಗಳಲ್ಲಿ, ಎಲ್ಲವೂ ಬಿಸ್ಕತ್ತಿನ ಡಬ್ಬಿಗೆ, ಸಿಲಿಕಾ ಜೆಲ್ ಜೊತೆ. ನಮ್ಮ ಮಳೆಗೆ ಡಯಲ್ ಒಂದೇ ವರ್ಷದಲ್ಲಿ ಹಪ್ಪಳದ ಹಾಗೆ ಏಳುತ್ತದೆ.

ಆ ಜೇಗರ್ ಈಗಲೂ ಕಟ್ಟುತ್ತೇನೆ. ಹೋದ ತಿಂಗಳು ಕುಂಬಳೆಯ ಒಂದು ಮದುವೆಯಲ್ಲಿ ಉಪ್ಪಳದ ಯಜಮಾನರ ಮಗ ಸಿಕ್ಕಿದರು. ಕೈ ಹಿಡಿದು ನೋಡಿ, “ಅಪ್ಪನ ವಾಚಿನಲ್ಲಿ ಎರಡು ಹೆಸರಿತ್ತಲ್ಲ?” ಅಂದರು. ಅಷ್ಟರಲ್ಲಿ ಊಟಕ್ಕೆ ಕರೆದರು, ನಾನು ಎಲೆಯ ಕಡೆ ಓಡಿದೆ.